ಗೊಂಡೆ ಕಟ್ಟದ ಸೀರೆ

ದೆವ್ವ, ಗಾಳಿ, ಮೈಮೇಲೆ ಬರುವುದು ಇವನ್ನೆಲ್ಲ ನಾನು ಎಂದೂ ನಂಬಿದವಳಲ್ಲ. ಈಗಲೂ ನಂಬುತ್ತೇನೆಂದು ಧೈರ್ಯವಾಗಿ ಹೇಳಲಾರೆ. ಜಮಖಂಡಿಯ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಇಷ್ಟು ವರ್ಷ ದುಡಿದವಳು ನಾನು. ಗಾಳಿ ಹಿಡಿದಿದೆ ಎಂದು ತಾಯತ ಕಟ್ಟಿಸಿಕೊಂಡು ಬಂದವರ ರಕ್ತದಲ್ಲಿ ನನಗೆ ಕಂಡದ್ದು ಮಲೇರಿಯಾ, ಟೈಫಾಯ್ಡ್, ಇಲ್ಲವೇ ಬರೀ ರಕ್ತಹೀನತೆ. ಕಣ್ಣಿಗೆ ಕಂಡರೆ ಉಂಟು, ಕಾಣದಿದ್ದರೆ ಇಲ್ಲ. ಯಾರಾದರೂ ಇಂಥ ಕಥೆ ತೆಗೆದರೆ "ಸಾಕ ಬಿಡ್ರಿ, ಮುಂಜಾನೆ ಲಗೂ ಏಳೂದೈತಿ" ಎಂದು ಎದ್ದು ಹೋಗುತ್ತಿದ್ದೆ. ಇದನ್ನು ಓದುತ್ತ ನೀವೂ ಎದ್ದು ಹೋದರೆ ನನಗೆ ಬೇಸರವಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ, ಬೇಸಿಗೆಯ ಒಂದು ಸಂಜೆ, ಕೃಷ್ಣೆಯ ಹಿನ್ನೀರಿನ ನಡುವೆ ನನ್ನ ಕಣ್ಣಿಗೇ ಕಂಡದ್ದನ್ನು ಏನು ಮಾಡಲಿ? ಕಂಡ ಹಾಗೆ ಬರೆಯುತ್ತೇನೆ.

ನಾವು ರಬಕವಿಯ ನೇಕಾರರು. ನನ್ನ ಅಕ್ಕನನ್ನು ಕೊಟ್ಟದ್ದು ಪಕ್ಕದ ಬನಹಟ್ಟಿಯ ನೇಕಾರರ ಮನೆಗೆ. ಹೀಗಾಗಿ ನಮ್ಮಿಬ್ಬರದೂ ಮಗ್ಗದ ಸದ್ದಿನಲ್ಲೇ ಹುಟ್ಟಿ, ಮಗ್ಗದ ಸದ್ದಿನಲ್ಲೇ ಮಲಗಿ ಬೆಳೆದ ಜೀವ. ನಮ್ಮ ಓಣಿಗಳಲ್ಲಿ ಕೂಸುಗಳು ಸದ್ದಿಗೆ ಏಳುವುದಿಲ್ಲ. ಕರೆಂಟು ಹೋಗಿ ಮಗ್ಗ ನಿಂತಾಗಲೇ ಗಾಬರಿಯಾಗಿ ಎದ್ದು ಅಳುತ್ತವೆ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಅಕ್ಕನ ಗಂಡನನ್ನು ನಾನು ಮಾಮಾ ಎನ್ನುತ್ತಿದ್ದೆ. ಮನೆಯಲ್ಲಿ ವಿದ್ಯುತ್ ಮಗ್ಗ ಬಂದ ಮೇಲೂ ಮಾಮಾ ಮೂಲೆಯಲ್ಲಿ ಒಂದು ಕೈಮಗ್ಗ ಉಳಿಸಿಕೊಂಡಿದ್ದರು. ಅದರ ಮೇಲೆ ಅಕ್ಕನಿಗೆಂದೇ ಪುರುಸೊತ್ತಾದಾಗ ಒಂದೊಂದು ಸೀರೆ ನೇಯುತ್ತಿದ್ದರು. ಸೀರೆಯನ್ನು ಮಗ್ಗದಿಂದ ಇಳಿಸಿದಾಗ ಸೆರಗಿನ ಕೊನೆಯಲ್ಲಿ ಎಳೆಗಳು ಬಿಡಿಬಿಡಿಯಾಗಿ ಜೋತಾಡುತ್ತವೆ. ಅವನ್ನು ಸಣ್ಣ ಸಣ್ಣ ಕಟ್ಟು ಮಾಡಿ, ಎರಡೂ ಅಂಗೈ ನಡುವೆ ಹೊಸೆದು ಗಂಟು ಹಾಕಬೇಕು. ಅದಕ್ಕೆ ಗೊಂಡೆ ಎನ್ನುತ್ತಾರೆ. ಊರಲ್ಲೆಲ್ಲ ಅದು ಹೆಂಗಸರ ಕೆಲಸ, ಒಂದು ಸೆರಗಿಗೆ ಮಧ್ಯಾಹ್ನವೆಲ್ಲ ಹಿಡಿಯುತ್ತದೆ. ಮಾಮಾ ಮಾತ್ರ ಅಕ್ಕನ ಸೀರೆಯ ಗೊಂಡೆಯನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಅವರು ಎಡಚರು. ಅವರು ಹೊಸೆದ ಎಳೆ ಎಲ್ಲರದಕ್ಕಿಂತ ಉಲ್ಟಾ ಸುತ್ತಿಕೊಳ್ಳುತ್ತಿತ್ತು, ಗಂಟು ಎಡಕ್ಕೆ ಮಲಗುತ್ತಿತ್ತು. "ಏನವಾ, ಗಂಡನ ಸಹಿ ಸೆರಗಿನ ಮ್ಯಾಲ ಹೊತ್ಕೊಂಡು ತಿರಗತಿ" ಎಂದು ಓಣಿಯವರು ಅಕ್ಕನನ್ನು ಕಾಡಿಸುತ್ತಿದ್ದರು. ಅಕ್ಕ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳು.

ಒಂದು ಚಳಿಗಾಲ ಮಾಮಾ ಸೀರೆಯೊಂದನ್ನು ಇಳಿಸಿ ಮಡಚಿಟ್ಟು, ಮುಂದಿನದನ್ನು ನಾಲ್ಕು ಬೆರಳಿನಷ್ಟು ನೇಯ್ದಿದ್ದರು. ಎದೆ ಹಿಡಿದುಕೊಂಡಂತಾಯಿತೆಂದು ಮಗ್ಗದಿಂದ ಎದ್ದವರು ಮತ್ತೆ ಬಂದು ಕೂಡಲಿಲ್ಲ. ಮಡಚಿಟ್ಟ ಸೀರೆಯ ಗೊಂಡೆ ಕಟ್ಟುವುದು ಹಾಗೇ ಉಳಿಯಿತು.

ಅಕ್ಕ ಅಳಲಿಲ್ಲ. ಅತ್ತಿದ್ದರೆ ಛಲೋ ಇತ್ತು. ಮಾತು ಬಿಟ್ಟಳು, ಊಟ ಬಿಟ್ಟಳು, ಮುಂಜಾನೆ ಕೂತಲ್ಲೇ ಸಂಜೆ ಕೂತಿರುತ್ತಿದ್ದಳು. ಒಂದು ನಸುಕಿನಲ್ಲಿ ಹೊಳೆಗೆ ಬಟ್ಟೆ ಒಗೆಯಲು ಹೋದ ಹೆಣ್ಣುಮಗಳೊಬ್ಬಳು ಅಕ್ಕನ ಕೈ ಹಿಡಿದು ಮನೆಗೆ ಎಳೆದುಕೊಂಡು ಬಂದಳು. ಅಕ್ಕ ಸೊಂಟದವರೆಗೆ ನೀರಿನಲ್ಲಿ ನಿಂತಿದ್ದಳಂತೆ. ಕೇಳಿದರೆ "ಸುಮ್ಮ ನಿಂತಿದ್ದೆ" ಎಂದಳು. ಹೊಳೆಯ ನಡುವೆ ಸುಮ್ಮನೆ ಯಾರು ನಿಲ್ಲುತ್ತಾರೆ?

ಅಂದಿನಿಂದ ಕಾವಲು ನನ್ನ ಪಾಲಿಗೆ ಬಂತು. ಲ್ಯಾಬು ಮುಗಿಸಿ ಜಮಖಂಡಿಯಿಂದ ಬನಹಟ್ಟಿ ಬಸ್ಸು ಹತ್ತುವುದು, ಅಕ್ಕನ ಪಕ್ಕದಲ್ಲಿ ಅವಳ ಸೆರಗನ್ನು ನನ್ನ ತೋಳಿನ ಕೆಳಗೆ ಹಾಕಿಕೊಂಡು ಮಲಗುವುದು, ಮುಂಜಾನೆ ಮತ್ತೆ ಬಸ್ಸು. ನಿದ್ದೆ ಎನ್ನುವುದು ಹೆಸರಿಗೆ. ಅವಳು ಹೊರಳಿದರೆ ನನಗೆ ಎಚ್ಚರ, ಹೊರಳದಿದ್ದರೂ ಎಚ್ಚರ. ಬಸ್ಸಿನ ಕಂಬಿ ಹಿಡಿದು ನಿಂತೇ ನಿದ್ದೆ ಹೊಡೆಯುವುದನ್ನು ಕಲಿತೆ. ಆ ತಿಂಗಳುಗಳಲ್ಲಿ ನಾನು ಎಷ್ಟು ದಣಿದಿದ್ದೆನೆಂದರೆ, ಕನ್ನಡಿಯಲ್ಲಿ ನನ್ನ ಮುಖ ನೋಡಿ ಈಕೆಗೂ ರಕ್ತ ತಪಾಸಣೆ ಆಗಬೇಕು ಅನಿಸುತ್ತಿತ್ತು.

ಬೇಸಿಗೆ ಬಂತು. ಒಂದು ರಾತ್ರಿ ಊಟಕ್ಕೆ ಬಡಿಸುವಾಗ ಅಕ್ಕ ತಾನಾಗಿಯೇ ಬಾಯಿ ಬಿಟ್ಟಳು: "ಅವರ ಊರ ನೋಡಬೇಕು. ದೋಣ್ಯಾಗ."

ಮಾಮಾ ಹುಟ್ಟಿದ್ದು ಬೀಳಗಿ ತಾಲೂಕಿನ ಹೊಳೆದಂಡೆಯ ಒಂದು ಹಳೆಯ ಊರಿನಲ್ಲಿ. ಕೋಟೆ, ಹುಡೇವು ಎನ್ನುವ ದುಂಡನೆಯ ಕಾವಲು ಬುರುಜು, ಹೊಳೆಗಿಳಿಯುವ ಕಲ್ಲಿನ ಪಾವಟಿಗೆ, ದೋಣಿಯ ಮೇಲೆ ಸರಕು ಬಂದಿಳಿಯುತ್ತಿದ್ದ ಪೇಟೆ, ಎಲ್ಲ ಇದ್ದ ಊರಂತೆ. ಅಣೆಕಟ್ಟೆಯ ಹಿನ್ನೀರಿನಲ್ಲಿ ಅದು ಮುಳುಗಿದಾಗ ಅವರ ಮನೆಯವರು ಬನಹಟ್ಟಿಗೆ ಬಂದು ನೆಲೆಸಿದ್ದರು. ಬೇಸಿಗೆಯಲ್ಲಿ ನೀರು ಇಳಿದಾಗ ಹುಡೇವು, ಗೋಡೆ, ಮೇಲಿನ ಪಾವಟಿಗೆಗಳು ಹೊರಗೆ ಕಾಣುತ್ತವೆ. ಇಡೀ ದೋಣಿಯನ್ನು ತಮ್ಮಿಬ್ಬರಿಗೇ ಹಿಡಿದು, ಹೊತ್ತು ಮುಳುಗುವಾಗ ನಮ್ಮೂರು ತೋರಿಸುತ್ತೇನೆಂದು ಮಾಮಾ ಮದುವೆಯಾದ ಹೊಸದರಿಂದಲೂ ಅಕ್ಕನಿಗೆ ಹೇಳುತ್ತ ಬಂದಿದ್ದರು. ಮಗ್ಗ ಬಿಟ್ಟು ಏಳುವುದೇ ಆಗಿರಲಿಲ್ಲ.

ಅಕ್ಕನ ಮಗ ಮಲ್ಲು ತಕ್ಷಣ ಹೂಂ ಎಂದ. ನಾನು ಅವನನ್ನು ಹಿತ್ತಲಿಗೆ ಕರೆದು ಬೈದೆ. "ತಲಿ ನೆಟ್ಟಗೈತಿಲ್ಲೋ ನಿಂದು? ಎತ್ತು ಏರಿಗೆಳದ್ರ ಕೋಣ ನೀರಿಗೆಳೀತಂತ. ನೀರಿಗೆ ಅಂಜಿ ನಾ ದಿನಾ ಬಸ್ಸ ಹತ್ತಾಕತ್ತೇನಿ, ನೀ ಆಕೀನ್ನ ನೀರಾಗ ಕರಕೊಂಡ ಹೊಂಟಿ!"

ಅವನು ತಲೆ ತಗ್ಗಿಸಿಕೊಂಡು, "ಚಿಗವ್ವಾ, ಇಷ್ಟ ದಿನದಾಗ ಒಂದ ಮಾತ ಕೇಳ್ಯಾಳ. ಒಲ್ಲೆ ಅಂತ ಹೆಂಗ ಅನ್ನಲಿ?" ಎಂದ. ಅವನ ಕಣ್ಣು ತುಂಬಿದ್ದವು. ಮರುದಿನವೇ ಲ್ಯಾಬಿನಲ್ಲಿ ರಜೆ ಕೇಳಿದೆ.

ಹೊರಡುವ ದಿನ ಅಕ್ಕ ಆ ಮಡಚಿಟ್ಟ ಸೀರೆಯನ್ನೇ ಉಟ್ಟು ಬಂದಳು. ಗೊಂಡೆ ಕಟ್ಟದ ಸೀರೆಯನ್ನು ನಮ್ಮಲ್ಲಿ ಉಡುವುದಿಲ್ಲ, ಕೆಲಸ ಅರ್ಧಕ್ಕೆ ನಿಲ್ಲುತ್ತದೆ ಎನ್ನುತ್ತಾರೆ. ಬೇರೆ ಉಡು ಎಂದರೆ ಕೇಳಿಸಿಕೊಳ್ಳಲಿಲ್ಲ. ಕಾರಿನಲ್ಲಿ ದಾರಿಯುದ್ದಕ್ಕೂ ಆ ಬಿಡಿ ಎಳೆಗಳು ನನ್ನ ತೊಡೆಯ ಮೇಲೆ ಬಿದ್ದು ಹಾರಾಡುತ್ತಿದ್ದವು. ನೇಕಾರರ ಮನೆಯ ಕೈ ಸುಮ್ಮನಿರಬೇಕಲ್ಲ, ಒಂದು ಕಟ್ಟು ಹಿಡಿದು ಹೊಸೆಯಲು ಹೋದೆ. ಅಕ್ಕ ಪಟ್ಟನೆ ಕೈಮೇಲೆ ಹೊಡೆದಳು. "ನೀ ಮುಟ್ಟಬ್ಯಾಡ" ಎಂದಳು. ಆದ್ದರಿಂದ ಒಂದೇ ಒಂದು ಗಂಟೂ ಇರಲಿಲ್ಲವೆಂಬುದು ನನಗೆ ಚೆನ್ನಾಗಿ ಗೊತ್ತು.

ದೋಣಿಯ ಭೀಮಪ್ಪ ಮೀನು ಹಿಡಿಯುವವನು. ಬೇಸಿಗೆಯಲ್ಲಿ ಹಕ್ಕಿ ನೋಡುವವರನ್ನೂ ಸೂರ್ಯಾಸ್ತ ನೋಡುವವರನ್ನೂ ಕರೆದೊಯ್ಯುತ್ತಿದ್ದ. ದೋಣಿಯೊಳಗೆ ಪ್ಲಾಸ್ಟಿಕ್ ಕುರ್ಚಿ, ಹಿಂದೆ ಡೀಸೆಲ್ ಇಂಜಿನ್ನು, ತೊಡಲು ಕಿತ್ತಳೆ ಬಣ್ಣದ ಜಾಕೀಟು. "ಅಂಜಬ್ಯಾಡ್ರಿ ಅಕ್ಕಾರ, ಈ ನೀರು ಮನಿ ಅಂಗಳ ಇದ್ದಂಗ" ಎಂದ. "ನಿಮಗ ಅಂಗಳರಿ, ನಮಗ ನೀರ" ಎಂದು ನಾನು ಅಕ್ಕನ ಜಾಕೀಟಿನ ದಾರಗಳನ್ನು ಜಗ್ಗಿ ಜಗ್ಗಿ ಕಟ್ಟಿದೆ. ಅವಳು ಹತ್ತುವಾಗ ಭೀಮಪ್ಪನೇ, "ಸೆರಗ ಒಳಗ ತಗೋರಿ, ಎಳಿ ಬಿಟ್ಟಾವು, ಇಂಜಿನ್ನಿನ ಫ್ಯಾನಿಗೆ ಸಿಕ್ಕಾವು" ಎಂದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಮಲ್ಲು ಆಗ ತೆಗೆದ ಫೋಟೋದಲ್ಲೂ ಎಳೆಗಳು ಬಿಡಿಯಾಗಿಯೇ ಇವೆ.

ಅಕ್ಕ ದೋಣಿಯ ಎಡ ಅಂಚಿಗೆ ಕೂತಳು. ನಾನು ಅವಳ ಬಲಕ್ಕೆ ಕೂತು ಅವಳ ಬಲಗೈ ಮಣಿಕಟ್ಟನ್ನು ನನ್ನ ಎರಡೂ ಕೈಯಲ್ಲಿ ಹಿಡಿದೆ. ಮಲ್ಲು ಮುಂದೆ ನಮಗೆ ಬೆನ್ನು ಮಾಡಿ ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಿದ್ದ. ಭೀಮಪ್ಪ ಹಿಂದೆ ಇಂಜಿನ್ನಿನ ಹತ್ತಿರ. ದೋಣಿ ಹೊರಟಿತು. ದೂರದಲ್ಲಿ ಹುಡೇವು ಕಂಡಿತು, ಅದರ ಮೇಲೆ ಸಾಲಾಗಿ ಬಿಳಿ ಹಕ್ಕಿಗಳು. ಹೊತ್ತು ನೀರಿನಿಂದ ಎರಡು ಬೆರಳು ಮೇಲಿತ್ತು. ಅಕ್ಕ ಎಡಗೈ ಅಂಚಿನ ಮೇಲಿಟ್ಟು, ಸೆರಗನ್ನು ಮತ್ತೆ ಹೊರಗೆ ಬಿಟ್ಟಿದ್ದಳು. ಎಳೆಗಳು ನೀರಿನಲ್ಲಿ ಹರಡಿಕೊಂಡು ನಮ್ಮ ಜೊತೆಗೇ ಬರುತ್ತಿದ್ದವು. ಒಳಗೆ ತೆಗೆದುಕೋ ಎನ್ನಬೇಕೆಂದುಕೊಂಡೆ.

ಅನ್ನಲಿಲ್ಲ. ಯಾಕೆಂದರೆ ನಿದ್ದೆ ಹೋದೆ. ಆ ಇಂಜಿನ್ನಿನ ಟಕಟಕ ಟಕಟಕ ನಮ್ಮ ಓಣಿಯ ಮಗ್ಗಗಳ ಹಾಗೆಯೇ ಇತ್ತು. ತಿಂಗಳುಗಟ್ಟಲೆ ನಿದ್ದೆಗೆಟ್ಟ ಮೈ. ಬೇರೆ ಊರಿನವರಾಗಿದ್ದರೆ ಆ ಗದ್ದಲಕ್ಕೆ ಎಚ್ಚರವಿರುತ್ತಿದ್ದರು. ನಾನು ಮಾತ್ರ ಕೂಸಿನ ಹಾಗೆ ಮಲಗಿಬಿಟ್ಟೆ.

ಎಚ್ಚರವಾದದ್ದು ಸದ್ದು ನಿಂತಾಗ. ಅಕ್ಕ ಹೋದಳು ಅಂದುಕೊಂಡೆ. ಇಲ್ಲ, ಅವಳ ಮಣಿಕಟ್ಟು ನನ್ನ ಎರಡೂ ಕೈಯಲ್ಲಿ ಹಾಗೆಯೇ ಇತ್ತು, ಬೆಚ್ಚಗೆ. ನೀರಿನ ಕೆಳಗೆ ಗೋಡೆಗಳಿವೆಯೆಂದು ಭೀಮಪ್ಪ ಇಂಜಿನ್ನು ಬಂದ್ ಮಾಡಿದ್ದ. "ಇಲ್ಲೇ ತೆಳಗ ಪ್ಯಾಟಿ ಓಣಿ ಐತ್ರಿ" ಎಂದ. ಹೊತ್ತು ಆಗಷ್ಟೇ ನೀರಿಗೆ ತಾಗುತ್ತಿತ್ತು. ನಾನು ಮಲಗಿದ್ದು ಚಹಾ ಕುಡಿಯುವಷ್ಟು ಹೊತ್ತು ಇರಬಹುದು, ಹೆಚ್ಚಲ್ಲ.

ಅಕ್ಕ ಎಡಗೈಯಿಂದ ಸೆರಗನ್ನು ನೀರಿನಿಂದ ಎಳೆದು ಮಡಿಲಲ್ಲಿ ಹಾಕಿಕೊಂಡು ನೋಡುತ್ತಿದ್ದಳು. ನಾನೂ ನೋಡಿದೆ. ಗೊಂಡೆ ಕಟ್ಟಿತ್ತು. ಒಂದೆರಡಲ್ಲ, ಸೆರಗಿನ ಈ ಕೊನೆಯಿಂದ ಆ ಕೊನೆಯವರೆಗೆ, ಒಂದೇ ಅಳತೆಗೆ, ಒಂದೇ ಬಿಗಿಗೆ. ಆಗ ಮೊದಲ ಸಲ ಅವಳ ಕೈ ಬಿಟ್ಟು ಸೆರಗನ್ನು ಹಿಡಿದೆ. ನೀರು ತೊಟ್ಟಿಕ್ಕುತ್ತಿತ್ತು. ಎಳೆ ಉಲ್ಟಾ ಸುತ್ತಿಕೊಂಡಿತ್ತು, ಗಂಟು ಎಡಕ್ಕೆ ಮಲಗಿತ್ತು. ನನಗೆ ಅಂಜಿಕೆಯಾಯಿತು.

"ಯಾರ ಕಟ್ಟಿದ್ರಬೇ ಇದನ್ನ?" ಎಂದೆ.

ಅಕ್ಕ ನನ್ನ ಮುಖ ನೋಡಿದಳು, ಇದೇನು ಕೇಳುತ್ತಾಳೆ ಎನ್ನುವ ಹಾಗೆ. "ಯಾವಾಗ್ಲೂ ಯಾರ ಕಟ್ಟತಿದ್ರು?" ಎಂದಳು.

ಆಮೇಲೆ ಸೆರಗನ್ನು ಬಾಯಿಗೊತ್ತಿಕೊಂಡು ಅಳತೊಡಗಿದಳು. ಮಾಮಾ ಹೋದ ಮೇಲೆ ಅದೇ ಮೊದಲು. ದಂಡೆಗೆ ಕೇಳುವಷ್ಟು ಜೋರಾಗಿ, ಎದೆ ಬಡಿದುಕೊಂಡು ಅತ್ತಳು. ಮಲ್ಲು ಓಡಿ ಬಂದು ಅವ್ವನನ್ನು ತಬ್ಬಿಕೊಂಡ. ದೋಣಿ ಹೊಯ್ದಾಡಿತು. ನಾನು ಸುಮ್ಮನಿರಿಸಲು ಹೋದರೆ ಭೀಮಪ್ಪ ತಡೆದ. "ಅಳಲಿ ಬಿಡ್ರಿ. ಈ ಊರ ನೋಡಾಕ ಬಂದವರೆಲ್ಲ ಅಳತಾರ" ಎಂದ. ಹೊತ್ತು ಮುಳುಗಿದ್ದನ್ನು ನಮ್ಮಲ್ಲಿ ಒಬ್ಬರೂ ನೋಡಲಿಲ್ಲ. ತಿರುಗಿ ಬರುವಾಗ ಅಕ್ಕ ಕಣ್ಣೊರೆಸಿಕೊಂಡು, "ಚೀಲದಾಗ ರೊಟ್ಟಿ ಅದಾವೇನ?" ಎಂದು ಕೇಳಿದಳು. ಶೇಂಗಾ ಹಿಂಡಿ ಹಚ್ಚಿಕೊಂಡು ಎರಡು ರೊಟ್ಟಿ ತಿಂದಳು. ಅವಳು ಅಗಿಯುವ ಸದ್ದು ಕೇಳುತ್ತ ನನಗೂ ಅಳು ಬಂತು.

ಇದಾದ ಮೇಲೆ ನಾನು ಎಷ್ಟು ತಲೆ ಕೆಡಿಸಿಕೊಂಡೆನೋ. ನೀರು ಎಳೆಗಳನ್ನು ಸಿಕ್ಕು ಮಾಡಬಹುದು, ಆದರೆ ನೀರಿಗೆ ಅಳತೆ ಗೊತ್ತೇ? ಅಕ್ಕನೇ ಕಟ್ಟಿರಬಹುದು ಎಂದುಕೊಂಡೆ. ಹೊಸೆಯಲು ಎರಡೂ ಕೈ ಬೇಕು, ಒಂದು ನನ್ನ ಹಿಡಿತದಲ್ಲಿತ್ತು. ನಿದ್ದೆಯಲ್ಲಿ ನಾನು ಕೈ ಬಿಟ್ಟಿದ್ದೆ ಎಂದೇ ಇಟ್ಟುಕೊಳ್ಳೋಣ. ಮಧ್ಯಾಹ್ನವೆಲ್ಲ ಹಿಡಿಯುವ ಕೆಲಸ ಅಷ್ಟರಲ್ಲಿ ಹೇಗೆ ಮುಗಿದೀತು? ಅದೂ ಎಡಗೈ ಹೊಸೆತ, ಅಕ್ಕನಿಗೆ ಎಂದೂ ಬಾರದ್ದು. ಮಲ್ಲು ಇದರ ಬಗ್ಗೆ ಮಾತಾಡುವುದಿಲ್ಲ. ಅಕ್ಕನಂತೂ ಮಾತಾಡುವಂಥದ್ದು ಏನೂ ಆಗಿಲ್ಲವೆನ್ನುವ ಹಾಗೆ ಇರುತ್ತಾಳೆ.

ಕೆಲವು ದಿನಗಳಾದ ಮೇಲೆ ಅವಳು ತಾನೇ ಕೈಮಗ್ಗಕ್ಕೆ ಇಳಿದು, ಮಾಮಾ ನಾಲ್ಕು ಬೆರಳು ನೇಯ್ದಿಟ್ಟಿದ್ದ ಸೀರೆಯನ್ನು ಮುಂದುವರಿಸಿದಳು. ನನ್ನ ಕಾವಲು ಮುಗಿಯಿತು. ಜಮಖಂಡಿಯ ನನ್ನ ಕೋಣೆಯಲ್ಲಿ ಒಂದು ರವಿವಾರ ಹಗಲು ರಾತ್ರಿ ಮಲಗಿದೆ.

ಆದರೂ ನನ್ನ ಸ್ವಭಾವ ನೋಡಿ. ಒಮ್ಮೆ ಬನಹಟ್ಟಿಗೆ ಹೋದಾಗ, ಅಕ್ಕ ಜಳಕಕ್ಕೆ ಹೋದ ಹೊತ್ತಿನಲ್ಲಿ ಆ ಸೀರೆ ತೆಗೆದು, ಹೇಗೆ ಕಟ್ಟಿದೆ ನೋಡೋಣವೆಂದು ಕೊನೆಯ ಒಂದು ಗಂಟನ್ನು ಬಿಚ್ಚಿದೆ. ಬಿಚ್ಚಿತು. ಮತ್ತೆ ಕಟ್ಟಲು ಬರಲಿಲ್ಲ. ಅಕ್ಕ ಒದ್ದೆ ಕೂದಲಲ್ಲಿ ಬಂದು ಬಾಗಿಲಲ್ಲಿ ನಿಂತು ನೋಡಿದಳು. ಬೈಯಲಿಲ್ಲ. "ಬಿಚ್ಚಿದಿ? ಹಂಗಾರ ನೀನ ಕಟ್ಟ. ಕಟ್ಟಿದ ಮ್ಯಾಲ ತಂದ ಕೊಡು" ಎಂದು ಸೀರೆಯನ್ನು ನನ್ನ ಚೀಲಕ್ಕೆ ಹಾಕಿದಳು. ಬಲಗೈಯಿಂದ ಹೊಸೆದೆ, ಎಡಗೈಯಿಂದ ಹೊಸೆದೆ. ನಿಲ್ಲುವುದಿಲ್ಲ, ಜಾರುತ್ತದೆ.

ಹೋದ ಬೇಸಿಗೆಯಲ್ಲಿ, ರಾತ್ರಿ ಊಟಕ್ಕೆ ಬರುತ್ತೇನೆಂದಷ್ಟೇ ಅಕ್ಕನಿಗೆ ಹೇಳಿ, ನಾನೊಬ್ಬಳೇ ಹೋಗಿ ಭೀಮಪ್ಪನ ದೋಣಿ ಹಿಡಿದೆ. ಹೊತ್ತು ಇಳಿಯುವಾಗ ಆ ಸೀರೆಯ ಸೆರಗನ್ನು ನೀರಿಗೆ ಬಿಟ್ಟು, ಬೇಕೆಂದೇ ಕಣ್ಣು ಮುಚ್ಚಿ ಕೂತೆ. ಇಂಜಿನ್ನಿನ ಟಕಟಕ ಅದೇ ಇತ್ತು. ನಿದ್ದೆ ಮಾತ್ರ ಬರಲಿಲ್ಲ. ಸದ್ದು ನಿಂತಾಗ ಎಳೆದು ನೋಡಿದೆ. ನಾನು ಬಿಚ್ಚಿದ ಒಂದು ಕಟ್ಟು ಹಾಗೆಯೇ ನೀರು ಸುರಿಸುತ್ತ ಜೋತಾಡುತ್ತಿತ್ತು, ಉಳಿದವೆಲ್ಲ ಬಿಗಿಯಾಗಿದ್ದವು. "ಏನರ ಕಳಕೊಂಡೀರೇನ್ರಿ?" ಎಂದು ಭೀಮಪ್ಪ ಕೇಳಿದ.

ಅಷ್ಟರಲ್ಲಿ ಫೋನು ಬಂತು. ಅಕ್ಕ. ಹಿಂದೆ ಮಗ್ಗಗಳ ಸದ್ದು.

"ಎಲ್ಲಿ ಅದೀಬೇ? ಹೊತ್ತ ಮುಳುಗಿತು. ರೊಟ್ಟಿ ಆರಾಕತ್ತಾವು, ಲಗೂನ ಬಾ."

"ಬಂದೆ" ಎಂದೆ. ಒದ್ದೆ ಸೆರಗನ್ನು ಹಿಂಡಿ ಮಡಿಲಲ್ಲಿ ಹಾಕಿಕೊಂಡು ಕೂತೆ.