ಒದರದ ಹೋತ

ನಿನ್ನೆ ಸಂಜೆ ನಮ್ಮ ಸೊಸೆ ಯಡಿಯೂರಿಗೆ ಹೋಗಿಬಂದವಳು, ಚಪ್ಪಲಿ ಬಿಟ್ಟು ಒಳಗೆ ಬಂದದ್ದೇ ತಡ, ಬಾಟಲಿಯಿಂದ ಅಂಗೈಗೆ ತೀರ್ಥ ಸುರಿದುಕೊಂಡು ನನ್ನ ತಲೆಯ ಮೇಲೆ ಚಿಮುಕಿಸಿಬಿಟ್ಟಳು. ಸೋಮವಾರ ನನ್ನ ಮಂಡಿ ಆಪರೇಷನ್. ಪಾಪ, ಅದಕ್ಕೇ ಹೋಗಿ ಕೈಮುಗಿದು ಬಂದಿದ್ದಾಳೆ. ನಾನು ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ತಣ್ಣನೆಯ ನೀರು ಕತ್ತಿನಿಂದ ಬೆನ್ನಿಗೆ ಇಳಿದದ್ದೇ ಗಡಗಡ ಮೈ ಒದರಿಬಿಟ್ಟೆ. ಅಯ್ಯೋ ಒದರಿಬಿಟ್ಟೆನಲ್ಲಪ್ಪಾ ಎಂದು ಬಾಯಿಬಿಟ್ಟು ಅಂದೂಬಿಟ್ಟೆ. ಸೊಸೆ ನನ್ನ ಮುಖವನ್ನೇ ನೋಡಿ, ಬಿ.ಪಿ. ಮಾತ್ರೆ ತಗೊಂಡ್ರಾ ಎಂದು ಕೇಳಿದಳು.

ಅವಳಿಗೇನು ಗೊತ್ತು? ನಮ್ಮ ಮನೆಯಲ್ಲಿ ತೀರ್ಥ ಬಿದ್ದಾಗ ಒದರಬಾರದು. ಯಾಕೆ ಎಂದು ಹೇಳಬೇಕಾದರೆ ಒಂದು ಹೋತದ ಕಥೆ ಹೇಳಬೇಕು, ಹೋತದ ಕಥೆ ಹೇಳಬೇಕಾದರೆ ನಮ್ಮತ್ತೆಯ ಕಥೆ ಹೇಳಬೇಕು. ಕೂತುಕೊಳ್ಳಿ, ಅವರೆಕಾಯಿ ಇನ್ನೂ ಅರ್ಧ ಬುಟ್ಟಿ ಇದೆ.

ನಾನು ತುಮಕೂರಿನ ಪೇಟೆಯಲ್ಲಿ ಹುಟ್ಟಿ ಬೆಳೆದವಳು. ಕುರಿಗೂ ಮೇಕೆಗೂ ಏನು ವ್ಯತ್ಯಾಸ ಎಂದರೆ ಒಂದರ ಬಾಲ ಕೆಳಗೆ, ಇನ್ನೊಂದರದ್ದು ಮೇಲೆ ಎಂದು ಟೀಚರ್ ಟ್ರೈನಿಂಗಿನಲ್ಲಿ ಬರೆದು ಪಾಸಾದ ಪಂಡಿತೆ. ಎಪ್ಪತ್ತರ ದಶಕದ ಕೊನೆಯಲ್ಲಿ ಗುಬ್ಬಿಯಿಂದ ಮೂರು ಮೈಲಿ ಆಚೆಯ ಊರಿಗೆ ಸೊಸೆಯಾಗಿ ಹೋದೆ. ಒಂದೂವರೆ ಎಕರೆ, ಇಪ್ಪತ್ತೆಂಟು ತೆಂಗಿನಮರ, ಹಿಂದುಗಡೆ ಒಂದಿಷ್ಟು ರಾಗಿ ಹೊಲ, ಮುಂದುಗಡೆ ಅಂಗಳ. ಆ ಅಂಗಳದ ನಡುಮಧ್ಯೆ, ಹೊಸ ಸೊಸೆಗೆ ದಾರಿ ಬಿಡದೆ, ಕೊರಳಿಗೆ ಅರಿಶಿನದ ದಾರ ಕಟ್ಟಿಸಿಕೊಂಡ ಒಂದು ಹೋತಮರಿ ನಿಂತಿತ್ತು. ನಾನು ಸೇರು ಒದ್ದು ಒಳಗೆ ಹೋದೆ. ಅದು ನನ್ನ ಹಿಂದೆಯೇ ಬಂದು ಚೆಲ್ಲಿದ ಅಕ್ಕಿಯನ್ನೆಲ್ಲ ತಿಂದಿತು.

ಅದು ಹರಕೆಯ ಹೋತ. ಹಿಂದಿನ ವರ್ಷ ನಮ್ಮತ್ತೆಗೆ ವಿಷಮಜ್ವರ ಬಂದು ಹೋಗೇಬಿಟ್ಟರು ಅನ್ನುವ ಹಾಗಾಗಿತ್ತಂತೆ. ಮಾವನವರು ಬಾಯಲ್ಲಿ ಪ್ರೀತಿ ತೋರಿಸುವ ಜಾತಿಯಲ್ಲ. ಸೀದಾ ಊರ ಮಾರಮ್ಮನ ಗುಡಿಗೆ ಹೋಗಿ, ಇವಳನ್ನು ಉಳಿಸಿಕೊಟ್ಟರೆ ಒಂದು ಹೋತ ಕೊಡ್ತೀನಿ ಎಂದು ಹೇಳಿಕೊಂಡು ಬಂದರು. ಅತ್ತೆ ಉಳಿದರು. ಮಾವ ಗುಬ್ಬಿ ಸಂತೆಯಿಂದ ಮರಿ ತಂದು, ಇನ್ನೂ ಸರಿಯಾಗಿ ಎದ್ದು ಓಡಾಡದ ಹೆಂಡತಿಯ ಕೈಗೆ ಹಗ್ಗ ಕೊಟ್ಟು, ಯುಗಾದಿ ಕಳೆದ ಮೇಲೆ ಒಪ್ಪಿಸೋಣ, ಅಲ್ಲೀತನಕ ಚೆನ್ನಾಗಿ ಮೇಯಿಸು ಎಂದರು.

ಅತ್ತೆ ಮೇಯಿಸಿದರು. ಹಲಸಿನ ಎಲೆ, ರಾಗಿ ಗಂಜಿ, ಕಡಲೆಕಾಯಿ ಹಿಂಡಿ. ತಮಗೆ ಡಾಕ್ಟರು ಬರೆದುಕೊಟ್ಟಿದ್ದ ಟಾನಿಕ್ಕನ್ನೂ ಒಂದೆರಡು ಚಮಚ ಅದಕ್ಕೆ ಕುಡಿಸಿದ್ದರು ಎಂದು ನನಗೆ ಬಲವಾದ ಅನುಮಾನ. ಅದಕ್ಕೆ ಗಡ್ಡ ಬಂತು, ಕೊಂಬು ಬಂತು, ಜಂಬವೂ ಬಂತು. ದೇವರ ಪ್ರಾಣಿ, ಯಾರೂ ಹೊಡೆಯುವ ಹಾಗಿಲ್ಲ. ದಿನಾ ಬೆಳಿಗ್ಗೆ ಕೇರಿಯ ಒಂದೊಂದು ಮನೆಯ ಜಗಲಿಯನ್ನೂ ಹತ್ತಿ ಇಳಿದು ತನಿಖೆ ಮಾಡಿ ಬರುತ್ತಿತ್ತು. ಅದಕ್ಕೆ ಅಮಲ್ದಾರ ಎಂದು ಹೆಸರಾಯಿತು. ಒಮ್ಮೆ ನಾನು ತಿದ್ದಲು ತಂದಿದ್ದ ಆರನೇ ಕ್ಲಾಸಿನ ಸಮಾಜ ಪರೀಕ್ಷೆಯ ಪೇಪರುಗಳಲ್ಲಿ ಹನ್ನೊಂದನ್ನು ತಿಂದಿತು. ಹನ್ನೊಂದು ಮಕ್ಕಳಿಗೂ ನಾನು ಐವತ್ತೈವತ್ತು ಮಾರ್ಕು ಕೊಟ್ಟೆ. ಅವರಲ್ಲೊಬ್ಬ ಈಗ ದೊಡ್ಡ ಹುದ್ದೆಯಲ್ಲಿದ್ದಾನೆ, ಎದುರು ಸಿಕ್ಕರೆ ಕಾಲಿಗೆ ಬೀಳುತ್ತಾನೆ. ನಾನು ಸುಮ್ಮನೆ ಬೀಳಿಸಿಕೊಳ್ಳುತ್ತೇನೆ.

ನಮ್ಮತ್ತೆ ಮಾತ್ರ ಅದರ ಗಡ್ಡ ನೇವರಿಸುತ್ತಾ ಒಮ್ಮೊಮ್ಮೆ ಹಿಂಡಿ ಕೊಡುವುದನ್ನೇ ಮರೆತುಬಿಡುತ್ತಿದ್ದರು. ಒಂದು ದಿನ ಕೇಳಿದೆ. "ನನ್ ಜೀವಕ್ಕೆ ಇದ್ರ ಜೀವ ಅಂತ ಹೇಳ್ಕಂಡವ್ರೆ ಕಣವ್ವ. ಕೊಡೋದೇ ಆಗಿದ್ರೆ ಬೇರೆಯೋರ ಕೈಲಿ ಸಾಕುಸ್ಬೇಕಿತ್ತು. ನನ್ ಕೈಲೇ ಸಾಕುಸ್ತವ್ರಲ್ಲ" ಎಂದರು. ಬೇಡ ಎಂದು ಮಾವನಿಗೆ ಹೇಳಿ ಎಂದೆ. ಅತ್ತೆ ನನ್ನನ್ನು ನೋಡಿದ ನೋಟದಲ್ಲಿ ನನ್ನ ಟ್ರೈನಿಂಗೆಲ್ಲ ಮರೆತುಹೋಯಿತು. ಹರಕೆ ತಪ್ಪಿಸುವುದುಂಟೇ? ತಪ್ಪಿಸಿದರೆ ಜ್ವರ ವಾಪಸ್ಸು ಬಂದರೆ? ಮಾವನವರಿಗೆ ಆ ಹೆದರಿಕೆ ಎಷ್ಟಿತ್ತೆಂದರೆ, ಅತ್ತೆ ಸೀನಿದರೂ ಎದ್ದು ಬಂದು ಹಣೆ ಮುಟ್ಟಿ ನೋಡುತ್ತಿದ್ದರು.

ಇನ್ನು ಅದರ ನಾತದ ವಿಷಯ. ಬೆಳೆದ ಹೋತದ ನಾತ ಗೊತ್ತಿಲ್ಲದವರು ಪುಣ್ಯವಂತರು. ನಾನು ಮೂಗಿಗೆ ಸೆರಗು ಹಿಡಿದೇ ಅಂಗಳಕ್ಕೆ ಸಗಣಿ ನೀರು ಹಾಕುತ್ತಿದ್ದೆ. ಅತ್ತೆಯೇ ಒಂದು ಉಪಾಯ ಹೇಳಿದರು. ದಿನಾ ನೀರು ಹಾಕುವಾಗ ಒಂದು ಚೊಂಬು ಒಳ್ಳೆ ನೀರನ್ನು ಅದರ ಮೈಮೇಲೂ ಚಿಮುಕಿಸು, ನಾತ ಕಡಿಮೆಯಾಗುತ್ತದೆ. ಮೊದಲ ದಿನ ಚಿಮುಕಿಸಿದೆ. ಅದು ಒದರಿದ ಏಟಿಗೆ ನನ್ನ ಮದುವೆಯ ನೈಲೆಕ್ಸ್ ಸೀರೆ ಹಾಳಾಯಿತು. ಮಾರನೆಯ ದಿನದಿಂದ ಅತ್ತೆ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಅಂಗೈಯಲ್ಲಿ ಹಿಂಡಿಯ ಚೂರು ಹಿಡಿದರು. ಒದರಿದರೆ ಮುಷ್ಟಿ ಮುಚ್ಚುವರು. ಸುಮ್ಮನೆ ನಿಂತರೆ ಬಿಚ್ಚುವರು. ನನ್ನ ಸೀರೆಯ ಮೇಲೆ ಅತ್ತೆಗೆ ಎಷ್ಟು ಕಾಳಜಿ ಎಂದು ನನ್ನ ಕಣ್ಣು ತುಂಬಿ ಬಂತು. ಅಮ್ಮನಿಗೆ ಇನ್‌ಲ್ಯಾಂಡ್ ಲೆಟರಿನಲ್ಲಿ ಬರೆದೂ ಬರೆದೆ. ಮೂರು ತಿಂಗಳಲ್ಲಿ ಅಮಲ್ದಾರ ಕೊಡ ಸುರಿದರೂ ಕಿವಿ ಅಲ್ಲಾಡಿಸುತ್ತಿರಲಿಲ್ಲ.

ಯುಗಾದಿ ಕಳೆಯಿತು. ಹರಕೆ ಒಪ್ಪಿಸುವುದು ಮಂಗಳವಾರ ಎಂದು ನಿಗದಿಯಾಯಿತು. ನೆಂಟರೆಲ್ಲ ಬಂದರು. ಮಾವ ಮಸಾಲೆಗೆ ಏನೇನು ಬೇಕೋ ಎಲ್ಲ ತಂದರು. ಅತ್ತೆ ಮಾತ್ರ ಸಂತೆಯಿಂದ ಎರಡು ಬುಟ್ಟಿ ಬದನೆಕಾಯಿ ತರಿಸಿದರು. ಬಾಡೂಟಕ್ಕೆ ಇಷ್ಟೊಂದು ಬದನೆಕಾಯಿ ಯಾಕೆ ಎಂದು ಕೇಳಿದ್ದಕ್ಕೆ, ತಿನ್ನದೇ ಇರೋರೂ ಇರ್ತಾರೆ ಎಂದರು. ನಮ್ಮ ನೆಂಟರಲ್ಲಿ ತಿನ್ನದವರು ಯಾರು ಎಂದು ನಾನು ಲೆಕ್ಕ ಹಾಕಿದೆ. ಒಬ್ಬರೂ ಇರಲಿಲ್ಲ.

ಗುಡಿಯ ಮುಂದೆ ಅಮಲ್ದಾರನಿಗೆ ಬೇವಿನ ಹಾರ ಹಾಕಿ ನಿಲ್ಲಿಸಿದರು. ನಮ್ಮ ಕಡೆ ಒಂದು ಪದ್ಧತಿ ಇದೆ. ಪೂಜಾರಿ ತೀರ್ಥ ಹಾಕಿದಾಗ ಪ್ರಾಣಿ ತಾನಾಗಿ ಮೈ ಒದರಬೇಕು. ಒದರಿದರೆ ಅಮ್ಮ ಒಪ್ಪಿದಳು ಎಂದು ಅರ್ಥ. ಒದರದೆ ಕತ್ತಿ ಮುಟ್ಟುವ ಹಾಗಿಲ್ಲ. ಪೇಟೆಯ ಹುಡುಗಿಗೆ ಇದು ಗೊತ್ತಾದದ್ದು ಅಲ್ಲಿ, ಆಗ, ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಹೇಳಿದಾಗ. ನಾನು ತಿರುಗಿ ಅತ್ತೆಯನ್ನು ನೋಡಿದೆ.

ಪೂಜಾರಿ ಅರಿಶಿನದ ನೀರು ಚಿಮುಕಿಸಿದ. ಅಮಲ್ದಾರ ಬೇವಿನ ಹಾರ ಮೇಯುತ್ತಾ ನಿಂತ. ಇನ್ನೊಂದು ಸಲ. ಇನ್ನೂ ಒಂದು ಸಲ. ಒಂದು ಚೊಂಬು, ಒಂದು ಬಿಂದಿಗೆ, ಎರಡು ಬಿಂದಿಗೆ. ಅದು ಒದ್ದೆಯಾಗಿ ನಿಂತು ಗುಂಪಿನಲ್ಲಿ ಯಾರನ್ನೋ ಹುಡುಕುತ್ತಿತ್ತು. ಕೊನೆಗೆ ಅತ್ತೆಯನ್ನು ಕಂಡು ಅವರ ಅಂಗೈಯನ್ನೇ ನೋಡತೊಡಗಿತು. ಅತ್ತೆ ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡು ಕಣ್ಣು ಮುಚ್ಚಿದ್ದರು. ಬಿಸಿಲು ನೆತ್ತಿಗೆ ಬಂತು. ನೆಂಟರ ಹೊಟ್ಟೆ ಚುರುಗುಟ್ಟಿತು. ಮಾವನವರ ಷಡ್ಡಕರೊಬ್ಬರು ಭಕ್ತಿಯಿಂದ ಬಗ್ಗಿ ಅದರ ಕಿವಿಯಲ್ಲಿ ಊದಲು ಹೋಗಿ ಪೂಜಾರಿಯಿಂದ ಬೈಸಿಕೊಂಡರು. ಮಾವ ಗುಡಿಯ ಕಡೆ ತಿರುಗಿ ಕೈಮುಗಿದರು. ಏನು ತಪ್ಪು ಮಾಡಿದ್ದೀನಿ ತಾಯಿ, ಇವಳನ್ನ ಕಿತ್ಕೋಬೇಡ ಎಂದು ಅಷ್ಟು ಜನರ ಮುಂದೆ ಅಂದುಬಿಟ್ಟರು. ಅತ್ತೆ ಕಣ್ಣು ಬಿಟ್ಟು ಗಂಡನನ್ನು ನೋಡಿದರು. ಆ ಮನುಷ್ಯನ ಬಾಯಲ್ಲಿ ಅಂಥ ಮಾತು ಅವರೂ ಕೇಳಿರಲಿಲ್ಲ.

ಪೂಜಾರಿ ಬಿಂದಿಗೆ ಕೆಳಗಿಟ್ಟ. "ತಪ್ಪೇನೂ ಇಲ್ಲ ಗೌಡ್ರೆ. ಅಮ್ಮಂಗೆ ಇದ್ರ ಪ್ರಾಣ ಬ್ಯಾಡ ಅಂತದೆ. ಹರಕೆ ಸಂದಂಗೇಯ. ಬುಟ್ಬುಡಿ, ಅವಳ ಹೆಸರಲ್ಲಿ ಓಡಾಡ್ಕಂಡಿರ್ಲಿ" ಎಂದ.

ಅವತ್ತು ಅರವತ್ತು ಜನ ಬಾಡಿನ ಮಸಾಲೆ ಹಾಕಿದ ಬದನೆಕಾಯಿ ಸಾರಿನಲ್ಲಿ ಮುದ್ದೆ ನುಂಗಿದರು. ಷಡ್ಡಕರು ಆಮೇಲೆ ಎರಡು ವರ್ಷ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ.

ಪಾತ್ರೆ ಉಜ್ಜುವಾಗ ಅತ್ತೆಯನ್ನು ಹಿಡಿದೆ. ನನಗೆ ನಿಜವಾಗಿ ಹೆದರಿಕೆಯಾಗಿತ್ತು. ನೀರು ಚಿಮುಕಿಸಿದ್ದು ನಾನು, ದೇವರಿಗೆ ಮೋಸ ಮಾಡಿದ ಪಾಪ ನನಗೇ ತಾನೆ? ಅತ್ತೆ ತಪ್ಪಲೆಯಿಂದ ತಲೆ ಎತ್ತದೆ ಹೇಳಿದರು: "ಅವ್ಳಿಗೆ ಮೋಸ ಮಾಡಕ್ಕೆ ನಮ್ ಕೈಲಾದದ? ಬೇಕು ಅಂದಿದ್ರೆ ಒಂದ್ ಹನೀಲೇ ಒದರುಸ್ತಿದ್ಲು. ಅವ್ಳೂ ಹೆಂಗಸೇ ಕಣವ್ವ." ತಪ್ಪಲೆ ಕವುಚಿಟ್ಟು, ನಿಮ್ಮ ಮಾವನಿಗೆ ಮಾತ್ರ ಹೇಳಬೇಡ, ಹೆದರ್ಕೋತಾರೆ ಎಂದರು. ನಾನು ಹೇಳಲಿಲ್ಲ.

ಅಮಲ್ದಾರ ಆಮೇಲೂ ಎಂಟು ವರ್ಷ ಊರಿನ ಮೇಲೆ ಅಧಿಕಾರ ಚಲಾಯಿಸಿ, ಮುದುಕನಾಗಿ, ತೆಂಗಿನಮರದ ಬುಡದಲ್ಲಿ ಮಲಗಿದ್ದ ಹಾಗೇ ಹೋದ. ಅದಾದ ಮರುವರ್ಷ ಅತ್ತೆಗೆ ಎದೆನೋವು ಬಂದು ತುಮಕೂರಿನ ಆಸ್ಪತ್ರೆಗೆ ಸೇರಿಸಿದೆವು. ಮಾವ ಮಾರಮ್ಮನ ತೀರ್ಥವನ್ನು ಔಷಧಿ ಸೀಸೆಯಲ್ಲಿ ತಂದರು. ಮಂಚದ ಪಕ್ಕ ನಿಂತು ಅತ್ತೆಯ ಮುಖಕ್ಕೆ ಚಿಮುಕಿಸಿದರು. ಅತ್ತೆ ಅಲ್ಲಾಡಲಿಲ್ಲ. ಆಮೇಲೆ ಒಂದು ಕಣ್ಣು ತೆರೆದು, "ನಾ ಒದರ್ಲಿಲ್ಲ, ನೋಡ್ದಾ" ಎಂದರು, ನನಗೆ.

ಮಾವ ಜೇಬಿಗೆ ಕೈಹಾಕಿ, ಕಾಗದದ ಪೊಟ್ಟಣ ಬಿಚ್ಚಿ, ಒಂದು ಚೂರು ಬೆಲ್ಲ ತೆಗೆದರು. ಅಂಗೈಯಲ್ಲಿಟ್ಟುಕೊಂಡು ಅತ್ತೆಯ ಬಾಯಿಯ ಹತ್ತಿರ ಹಿಡಿದರು. ನಾನೂ ಅತ್ತೆಯೂ ಮುಖ ಮುಖ ನೋಡಿಕೊಂಡೆವು. ಒಂಬತ್ತು ವರ್ಷ ನಾವಿಬ್ಬರೂ ಬಚ್ಚಿಟ್ಟದ್ದು ಆ ಮನುಷ್ಯನಿಗೆ ಯಾವಾಗಿನಿಂದ ಗೊತ್ತಿತ್ತೋ. ಅತ್ತೆ ಬೆಲ್ಲ ತಿಂದರು. ಆಮೇಲೆ ಇನ್ನೂ ಏಳು ವರ್ಷ ಬದುಕಿದರು.

ಈಗ ಮಂಡಿ ಆಪರೇಷನ್ ದೊಡ್ಡದೇನಲ್ಲ ಎಂದು ಎಲ್ಲರೂ ಹೇಳುತ್ತಾರೆ. ಹೇಳುವವರ ಮಂಡಿ ಅಲ್ಲವಲ್ಲ. ನನಗೆ ಹೆದರಿಕೆ ಇದೆ. ಅದಕ್ಕೇ ಇವತ್ತು ಬೆಳಿಗ್ಗೆ ಸೊಸೆಯನ್ನು ಕರೆದು, ನಿನ್ನೆಯದು ಲೆಕ್ಕಕ್ಕಿಲ್ಲ, ಇನ್ನೊಂದು ಸಲ ಹಾಕು ಎಂದೆ. ಅವಳು ಫ್ರಿಜ್ಜಿನಲ್ಲಿಟ್ಟಿದ್ದ ಬಾಟಲಿ ತಂದಳು. ಶಿವನೇ, ಅದೆಂಥ ಕೊರೆತ! ಹಲ್ಲು ಕಚ್ಚಿ, ಕಂಬದ ಹಾಗೆ ನಿಂತೆ. ಒದರಲಿಲ್ಲ.

ಆಮೇಲೆ ಅವಳ ಅಂಗೈಯನ್ನೇ ನೋಡುತ್ತಾ ನಿಂತೆ. ಏನತ್ತೆ ಎಂದಳು. ಬೆಲ್ಲ ಎಂದೆ. ನಿಮಗೆ ಶುಗರ್ ಇದೆ ಎಂದು ಬೈದುಕೊಂಡೇ ಒಳಗೆ ಹೋದಳು. ಡಬ್ಬದ ಮುಚ್ಚಳ ತೆಗೆದ ಸದ್ದಾಯಿತು.