ಕೇಳಿಸದಿದ್ದರೂ ‘ಹೌದ್ರಿ’ ಎಂದೆ

೧೯೮೪ರ ಬೇಸಿಗೆ. ಆಗ ನಾನು ಇಚಲಕರಂಜಿಯಲ್ಲಿ ಪವರ್‌ಲೂಮ್ ನಡೆಸುತ್ತಿದ್ದೆ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿದ ಅಣ್ಣ ಸಿದ್ರಾಮನಿಗೆ ಹೃದಯಾಘಾತವಾಗಿ, ಕೊಲ್ಹಾಪುರದ ಒಂದು ಸಣ್ಣ ಆಸ್ಪತ್ರೆಯ ಐಸಿಯುಗೆ ಸೇರಿಸಿದ್ದೆವು. ಅವನ ತಲೆಯ ಹತ್ತಿರ ಹೊಸದಾಗಿ ತಂದ ಮಷಿನ್. ಅದರಲ್ಲಿ ಒಂದು ಹಸಿರು ಗೆರೆ ಏರುತ್ತ ಇಳಿಯುತ್ತ ಓಡುತ್ತಿತ್ತು.

ಅಲ್ಲಿದ್ದ ಹಿರಿಯ ನರ್ಸಬಾಯಿ ಗಡಹಿಂಗ್ಲಜ ಕಡೆಯವರು, ಕನ್ನಡ ಮಾತಾಡುತ್ತಿದ್ದರು. ನಾವು ಅವರನ್ನು ‘ಬಾಯಿ’ ಎಂದೇ ಕರೆಯುತ್ತಿದ್ದೆವು. ಮಷಿನ್ ಇದ್ದರೂ ಅರ್ಧ ತಾಸಿಗೊಮ್ಮೆ ಬಂದು, ಅಣ್ಣನ ಕೈ ಹಿಡಿದು, ಗಡಿಯಾರ ನೋಡಿ ನಾಡಿ ಎಣಿಸಿ ಕಾಗದದಲ್ಲಿ ಬರೆಯುವರು. “ಮಶೀನ್ ಆಹೆ ನಾ, ಸಿಸ್ಟರ್!”, ಮಷಿನ್ ಇದೆಯಲ್ಲ ಎಂದು ಡಾಕ್ಟರು ಮರಾಠಿಯಲ್ಲಿ ನಗುತ್ತಿದ್ದರು. ನರ್ಸಬಾಯಿ ಅದನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಪಕ್ಕದ ಕೋಣೆಯ ರೋಗಿಯ ಸ್ಥಿತಿ ಬಿಗಡಾಯಿಸಿತು. ಬಾಯಿ ಅತ್ತ ಹೊರಟವರು ಮಷಿನ್ನಿನ ಗುಂಡಿ ಒತ್ತಿ ತೋರಿಸಿದರು.

“ತಮ್ಮಾ, ಎದಿ ಬಡಿತ ಹೆಚ್ಚುಕಡಿಮಿ ಆತಂದ್ರ ಇದು ಹಿಂಗ ಒದರತೈತಿ. ಓಡಿ ಬಂದು ನನ್ನ ಕರಿ. ಕೇಳಿಸ್ತಲ್ಲ?”

ನನಗೆ ಏನೂ ಕೇಳಿಸಲಿಲ್ಲ! ಹನ್ನೆರಡು ವರ್ಷ ಮಗ್ಗಗಳ ಗದ್ದಲದಲ್ಲಿ ನಿಂತು ನನ್ನ ಕಿವಿ ಮಂದವಾಗಿತ್ತು. ಶೆಡ್ಡಿನಲ್ಲಿ ನಾವೆಲ್ಲ ತುಟಿ ನೋಡಿಯೇ ಮಾತು ತಿಳಿಯುವವರು. ನರ್ಸಬಾಯಿಯ ಮಾತನ್ನೂ ಹಾಗೇ ತಿಳಿದುಕೊಂಡೆ. ಆದರೆ ಮಷಿನ್ನಿಗೆ ತುಟಿ ಎಲ್ಲಿ? ನಿಜ ಹೇಳಿದರೆ ಹೊರಗೆ ಕಳಿಸಿಯಾರು ಎಂಬ ಅಂಜಿಕೆ. ಮೂವತ್ತೆರಡರ ಗಂಡಸಿಗೆ ಕಿವುಡ ಎನ್ನಿಸಿಕೊಳ್ಳುವ ನಾಚಿಕೆ ಬೇರೆ. “ಹೌದ್ರಿ” ಎಂದುಬಿಟ್ಟೆ.

ಸ್ವಲ್ಪ ಹೊತ್ತಿಗೆ ಹಸಿರು ಗೆರೆ ಒತ್ತೊತ್ತಾಗಿ, ಭಾರೀ ವೇಗದಲ್ಲಿ ಓಡತೊಡಗಿತು. ಮಗ್ಗ ಜೋರಾಗಿ ಓಡಿದರೆ ಒಳ್ಳೆಯದು ಅಂತಷ್ಟೇ ಗೊತ್ತಿದ್ದ ಮೂರ್ಖ ನಾನು. ಅಣ್ಣನ ಎದೆ ಗಟ್ಟಿಯಾಯಿತು ಎಂದು ಖುಷಿಪಟ್ಟು ನೋಡುತ್ತ ಕೂತೆ. ಅವನ ಹಣೆಯ ಬೆವರು ಒರೆಸಿದೆ, ತಣ್ಣಗಿತ್ತು. ಆಗಲೂ ನನಗೆ ಹೊಳೆಯಲಿಲ್ಲ.

ನಾಡಿ ಎಣಿಸುವ ಹೊತ್ತಾಯಿತೆಂದು ಬಾಯಿ ತಾವಾಗಿಯೇ ಬಂದರು. ಬಾಗಿಲಲ್ಲೇ ಅವರ ಮುಖ ಬಿಳಿಚಿಕೊಂಡಿತು. ಓಡಿ ಬಂದು ಮಣಿಕಟ್ಟು ಹಿಡಿದರು.

“ನಾಡಿ ಸಿಗವಲ್ದು! ಡಾಕ್ಟರ್! ಮಷಿನ್ ಇಷ್ಟ ಹೊಯ್ಕೊಳ್ಳಾಕತ್ತೈತಿ, ನಿನಗ ಕೇಳಸಂಗಿಲ್ಲೇನೋ?”

ಡಾಕ್ಟರು ಬಂದು ಅಣ್ಣನ ಎದೆ ಒತ್ತಿದರು, ಸೂಜಿ ಚುಚ್ಚಿದರು. ನಾನು ಗೋಡೆಗೆ ಅಂಟಿ ನಿಂತು, ಕೊಂದೆನಲ್ಲಪ್ಪಾ, ಸಾಕಿದವನನ್ನೇ ಕೊಂದೆನಲ್ಲಾ ಎಂದುಕೊಳ್ಳುತ್ತಿದ್ದೆ.

ಕೊನೆಗೂ ಅಣ್ಣ ಕಣ್ಣು ಬಿಟ್ಟ. “ಬಾಯಿ, ನನಗ ಕಿವಿ ಕೇಳಸಂಗಿಲ್ರೀ” ಎಂದು ಗಳಗಳನೆ ಅತ್ತುಬಿಟ್ಟೆ. ಅವರು ಬಯ್ಯಲಿಲ್ಲ. ನನ್ನ ಬೆರಳು ಎಳೆದು ಅಣ್ಣನ ಮಣಿಕಟ್ಟಿನ ಮೇಲೆ ಇಟ್ಟರು. “ಹಿಂಗ ಹಿಡಕೊಂಡ ಕುಂದ್ರು. ಇದಕ್ಕ ಕಿವಿ ಬೇಕಾಗಂಗಿಲ್ಲ.” ಸಂಜೆಯವರೆಗೂ ಆ ಬೆರಳು ತೆಗೆಯಲಿಲ್ಲ.

ಅಣ್ಣ ಮುಂದೆ ಹಲವು ವರ್ಷ ಬದುಕಿದ. ಮನೆಗೆ ಬಂದವರಿಗೆಲ್ಲ, “ನನ್ನ ತಮ್ಮ ಬಾಜೂಕ ಕುಂತು ನನ್ನ ಉಳಿಸ್ಕೊಂಡಾನ” ಎಂದು ಹೆಮ್ಮೆಯಿಂದ ಹೇಳುತ್ತಿದ್ದ. ಪ್ರತಿ ಸಲ ನಾನು ತಲೆ ತಗ್ಗಿಸುತ್ತಿದ್ದೆ. ಅವನು ಹೋಗುವವರೆಗೂ ನಿಜ ಹೇಳಲು ನನಗೆ ಧೈರ್ಯ ಬರಲಿಲ್ಲ.