ಮಳೆ ನಮ್ಮ ಮನೆಗೆ, ಹೊಗಳಿಕೆ ನಾದಿನಿಗೆ

ಕಳೆದ ತಿಂಗಳ ಒಂದು ಭಾನುವಾರ ಬೆಳಗ್ಗೆ ನಮ್ಮ ಹೊಸ ಮನೆಯ ಬಾತ್‌ರೂಮಿನ ಜಾಲರಿಯಿಂದ ನೀರು ಮೇಲಕ್ಕೆ ಬಂತು. ನೀರು ಹೊರಗೆ ಹೋಗಲಿ ಎಂದು ಮಾಡಿಸಿದ ತೂತು ಅದು. ಅಲ್ಲಿಂದಲೇ ಗುಳುಗುಳು ಸದ್ದು ಮಾಡುತ್ತಾ, ಇಡೀ ಗಲ್ಲಿಯ ಕೊಳೆಯನ್ನು ಹೊತ್ತುಕೊಂಡು ಒಳಗೆ ಬಂತು.

"ಅಮ್ಮಾ, ಪಾನೀ ಅಂದರ್ ಆ ರಹಾ ಹೈ!" ಎಂದು ಮಗಳು ಅದಿತಿ ಕಿರುಚಿದಳು. ಮುಂಬಾಗಿಲಿಗೆ ಓಡಿದೆ. ಅಲ್ಲಿಯೂ ಅದೇ ಕಥೆ. ನನ್ನ ಪತಿರಾಯರು ಪಂಚೆ ಎತ್ತಿ ಕಟ್ಟಿಕೊಂಡು ಫ್ರಿಜ್ಜಿನ ಕೆಳಗೆ ಇಟ್ಟಿಗೆ ತುರುಕುತ್ತಿದ್ದರು. ಆಗ ನೆನಪಾಯಿತು, ಬಾಕ್ಸ್ ಬೆಡ್! ಚಳಿಗಾಲದ ರಜಾಯಿಗಳು, ನನ್ನ ರೇಷ್ಮೆ ಸೀರೆಗಳು ಎಲ್ಲವೂ ಮಂಚದ ಹೊಟ್ಟೆಯೊಳಗೆ. ಹಲಗೆ ಎತ್ತಿ ನೋಡಿದರೆ ನನ್ನ ಮದುವೆಯ ಸೀರೆ ಕಂದುಬಣ್ಣದ ನೀರಿನಲ್ಲಿ ತೇಲುತ್ತಿತ್ತು.

ಇವರ ಸರ್ವಿಸ್ಸೆಲ್ಲ ದಿಲ್ಲಿಯ ಸರ್ಕಾರಿ ಕ್ವಾರ್ಟರ್ಸಿನಲ್ಲೇ ಕಳೆಯಿತು. ಸ್ವಂತ ನೆಲದ ಮೇಲೆ ಸ್ವಂತ ಮನೆ ಬೇಕೆಂದು ಹಟ ಹಿಡಿದವಳು ನಾನು. ಘಾಜಿಯಾಬಾದಿನ ಈ ಕಾಲೊನಿಯಲ್ಲಿ ಕಟ್ಟಿಸಿಯೂ ಆಯಿತು. ನಾವು ಬಣ್ಣ ಬಳಿದು ಮುಗಿಸುವಷ್ಟರಲ್ಲಿ ಎದುರಿನ ರಸ್ತೆಗೆ ಇನ್ನೊಂದು ಪದರ ಹಾಕಿದರು. ರಸ್ತೆ ಮೇಲೆದ್ದಿತು, ನಮ್ಮ ಅಂಗಳ ತಗ್ಗಾಯಿತು. "ಟೆನ್ಶನ್ ಮತ್ ಲೋ ಮೇಡಂಜೀ" ಎಂದಿದ್ದ, ಮನೆ ಕಟ್ಟಿದ ಠೇಕೇದಾರ ಈಗ ಫೋನು ತೆಗೆಯುವುದಿಲ್ಲ. (ಅವನಿಗೂ ಟೆನ್ಶನ್ ಬೇಡವಂತೆ.)

ನಮ್ಮ ಗಲ್ಲಿಯ ಹಿಂದೆಯೇ ಒಂದು ಬಹುಮಹಡಿ ಕಟ್ಟಡವಿದೆ. ಅದರ ಒಂಬತ್ತನೇ ಮಹಡಿಯಲ್ಲಿ ನನ್ನ ನಾದಿನಿ ವಿನುತಾಳ ಫ್ಲಾಟು. ಗೃಹಪ್ರವೇಶದ ದಿನ ಅವಳು ನಮ್ಮ ತುಳಸಿಗೆ ನೀರು ಹಾಕಿ, "ನಿಮ್ಮದೇ ಅದೃಷ್ಟ ಅತ್ತಿಗೆ, ನಮಗೆಲ್ಲಿ ಅಂಗಳ?" ಎಂದಿದ್ದಳು. ಆ ಮಾತನ್ನು ಎಷ್ಟು ದಿನ ಚಪ್ಪರಿಸಿದ್ದೆ, ಗೊತ್ತೇ?

ಆ ಭಾನುವಾರ ಅವಳೇ ಫೋನು ಮಾಡಿದಳು. "ಅತ್ತಿಗೆ, ಅಲ್ಲೇನು ಮಾಡ್ತಾ ಕೂತಿದೀರಾ? ಅಣ್ಣನ್ನ, ಅದಿತೀನ ಕರ್ಕೊಂಡು ಬಂದ್ಬಿಡಿ. ಚಲೋ, ಕಾಫಿಗೆ ನೀರಿಟ್ಟಿದೀನಿ."

ಹೋದೆವು. ಹೋಗದೆ ಏನು ಮಾಡುವುದು?

ಒಂಬತ್ತನೇ ಮಹಡಿಯಲ್ಲಿ ಮಳೆಯೆಂದರೆ ಬರೀ ನೋಟ. ನೆಲ ಒಣಗಿತ್ತು. ಟವೆಲ್ಲು ಒಣಗಿತ್ತು. ಬಾಲ್ಕನಿಯ ಒಳಗೋಡೆಯ ಪಕ್ಕ ಹರಡಿದ್ದ ಹಪ್ಪಳ ಕೂಡ ಒಣಗಿತ್ತು! ಇವರು ಸೋಫಾದ ಮೇಲೆ ಕೂತವರೇ ಗೊರಕೆ ಹೊಡೆದರು. "ಬುವಾ ಕಾ ಘರ್ ಇಸ್ ಸೋ ನೈಸ್, ಅಮ್ಮಾ. ನಾವೂ ಇಲ್ಲೇ ಇರೋಣ್ವಾ?" ಎಂದಳು ಮಗಳು, ಸೋದರತ್ತೆಯ ಮನೆಗೆ ಮನಸೋತು. ಆ ಕಾಫಿ ನನಗೆ ಗಂಟಲಲ್ಲಿ ಇಳಿಯಲಿಲ್ಲ. ಬಾಲ್ಕನಿಯಿಂದ ಕೆಳಗೆ ನೋಡಿದೆ. ನಮ್ಮ ಮನೆ ನೀರು ತುಂಬಿದ ಸೋಪಿನ ಡಬ್ಬಿಯ ಹಾಗೆ ಕಾಣುತ್ತಿತ್ತು. ಈ ವಿನುತಾಳೂ ಒಂದು ಸಲ, ಒಂದೇ ಒಂದು ಸಲ ಒದ್ದೆಯಾಗಬಾರದೇ ಎಂದುಕೊಂಡೆ.

ಇಂಟರ್‌ಕಾಮ್ ಹೊಡೆದುಕೊಂಡಿತು. ಬೇಸ್‌ಮೆಂಟಿಗೆ ನೀರು ನುಗ್ಗಿತ್ತು. ವಿನುತಾ ಆ ಕಟ್ಟಡದ ಸೊಸೈಟಿಯ ಸೆಕ್ರೆಟರಿ. ಚಪ್ಪಲಿ ಸಿಕ್ಕಿಸಿಕೊಂಡು ಓಡಿದಳು.

ಸತ್ಯ ಹೇಳಲೇ? ಖುಷಿಯಾಯಿತು. ಕಾಫಿ ಈಗ ಸಲೀಸಾಗಿ ಇಳಿಯಿತು.

ಲೋಟ ಹಿಡಿದು ಬಾಲ್ಕನಿಯಲ್ಲಿ ನಿಂತಿದ್ದೆ. ಕೆಳಗೆ ಪಂಪು ಶುರುವಾದ ಸದ್ದು ಕೇಳಿತು. ಗಾರ್ಡುಗಳು ದಪ್ಪನೆಯ ಪೈಪೊಂದನ್ನು ಕಾಂಪೌಂಡಿನ ಮೇಲಿಂದ ಆಚೆ ಎಸೆದರು. ಆಚೆ ಎಂದರೆ ಎಲ್ಲಿ? ನಮ್ಮ ಗಲ್ಲಿಯ ಚರಂಡಿಗೆ! ಮೊದಲೇ ಉಕ್ಕುತ್ತಿದ್ದ ಚರಂಡಿಗೆ ಇವರ ಬೇಸ್‌ಮೆಂಟಿನ ನೀರೂ ಸೇರಿತು. ನೋಡುತ್ತಿದ್ದಂತೆಯೇ ನಮ್ಮ ತುಳಸಿಕಟ್ಟೆ ಮುಳುಗಿತು.

ಲಿಫ್ಟು ನಿಲ್ಲಿಸಿದ್ದರು. ಒಂಬತ್ತು ಮಹಡಿ ಇಳಿದು, ಏದುಸಿರು ಬಿಡುತ್ತಾ ಬೇಸ್‌ಮೆಂಟಿನ ಬಾಯಲ್ಲಿ ನಿಂತೆ. ವಿನುತಾ ಮೊಳಕಾಲು ಮಟ್ಟದ ನೀರಿನಲ್ಲಿದ್ದಳು.

"ವಿನುತಾ, ಪಂಪ್ ನಿಲ್ಸು! ನೀರೆಲ್ಲಾ ನಮ್ಮನೆಗೆ ಹೋಗ್ತಿದೆ."

ಅವಳು ಗಾಬರಿಯಿಂದ ನನ್ನ ಮುಖ ನೋಡಿದಳು. "ನಿಮ್ಮನೆಗಾ? ಅಯ್ಯೋ, ನಂಗೆ ಹೊಳೀಲೇ ಇಲ್ಲ ಅತ್ತಿಗೆ. ಆದ್ರೆ ಕರೆಂಟಿನ ಪ್ಯಾನಲ್ ಇಲ್ಲೇ ಇದೆ. ಅದು ಮುಳುಗಿದ್ರೆ ಇಡೀ ಬಿಲ್ಡಿಂಗಿಗೆ ಕರೆಂಟಿಲ್ಲ. ಆರನೇ ಮಹಡೀಲಿ ಒಬ್ರು ಅಂಕಲ್ ಆಕ್ಸಿಜನ್ ಮಷಿನ್ ಮೇಲಿದಾರೆ."

ಸೀರೆ ಮುಳುಗಿದ ಕಥೆಯನ್ನು ಆಕ್ಸಿಜನ್ ಎದುರಿಗೆ ಹೇಗೆ ಹೇಳುವುದು?

ಅವಳು ಪ್ಯಾನಲ್ಲಿನ ಕಡೆ ನೋಡಿದಳು. ನೀರು ಇನ್ನೂ ಅದರ ಕಟ್ಟೆಯನ್ನು ಮುಟ್ಟಿರಲಿಲ್ಲ. "ಪಂಪ್ ಬಂದ್ ಕರೋ" ಎಂದಳು ಗಾರ್ಡಿಗೆ. ಪೈಪನ್ನು ಹಿಂಬದಿಯ ದೊಡ್ಡ ನಾಲೆಗೆ ತಿರುಗಿಸಬೇಕು, ಪಕ್ಕದ ಕನ್‌ಸ್ಟ್ರಕ್ಷನ್ ಸೈಟಿನಿಂದ ಇನ್ನಷ್ಟು ಪೈಪು ತರಬೇಕು. ಅಲ್ಲಿಯವರೆಗೆ ಕಾರುಗಳು ನೆನೆದರೆ ನೆನೆಯಲಿ, ನೀರು ಕಟ್ಟೆ ಮುಟ್ಟಿದರೆ ಮಾತ್ರ ಪಂಪು ಮತ್ತೆ ಚಾಲೂ. ಇದು ಅವಳ ತೀರ್ಮಾನ. ಸುತ್ತ ನಿಂತಿದ್ದ ಫ್ಲಾಟಿನವರು ರೇಗಿಬಿದ್ದರು.

"ಭಾಭೀ ಕಾ ಘರ್ ಹೈ, ಇಸ್ಲಿಯೇ?" ಎಂದು ಒಬ್ಬರು ಕೂಗಿದರು. ಅತ್ತಿಗೆಯ ಮನೆ ಎಂದು ತಾನೇ ಈ ಕಾಳಜಿ?

"ಹಾಂ, ಭಾಭೀ ಕಾ ಘರ್ ಹೈ" ಎಂದಳು ವಿನುತಾ, ದನಿ ಏರಿಸದೆ. "ಉಸ್ ಗಲೀ ಮೇಂ ಔರ್ ಭೀ ಘರ್ ಹೈಂ. ಪೈಪ್ ಪಕಡಿಯೇ." ಆ ಗಲ್ಲಿಯಲ್ಲಿ ಬೇರೆಯವರ ಮನೆಗಳೂ ಇವೆ, ಬನ್ನಿ, ಪೈಪು ಹಿಡಿಯಿರಿ.

ಕೂಗಿದವರೇ ಪೈಪು ಹಿಡಿದರು! ಸದ್ದು ಕೇಳಿ ಎದ್ದು ಬಂದ ಇವರೂ ಹಿಡಿದರು. ನಾನೂ ಹಿಡಿದೆ. ಪಂಪು ಮತ್ತೆ ಓಡುವ ಹೊತ್ತಿಗೆ ಪ್ಯಾನಲ್ಲು ಉಳಿದಿತ್ತು, ನಮ್ಮ ಗಲ್ಲಿಯ ನೀರು ಇಳಿಯತೊಡಗಿತ್ತು. ಒಂದು ಕಾರು ಮಾತ್ರ ಸೀಟಿನ ಮಟ್ಟಕ್ಕೆ ಮುಳುಗಿತ್ತು. ಯಾರದು ಎಂದು ಕೇಳಿದೆ. ಎಲ್ಲಕ್ಕಿಂತ ತಗ್ಗಿನ ಪಾರ್ಕಿಂಗ್ ವಿನುತಾಳದೇ ಅಂತೆ.

"ಹೋಗ್ಲಿ ಬಿಡಿ ಅತ್ತಿಗೆ, ಹಳೇ ಕಾರು" ಎಂದು ನಕ್ಕಳು.

ಓದುಗರೇ, ಅಲ್ಲಿಯವರೆಗೆ ನನ್ನ ಹೊಟ್ಟೆಕಿಚ್ಚು ಅವಳ ಒಣನೆಲದ ಮೇಲಿತ್ತು. ಅದಕ್ಕೆ ಮದ್ದಿತ್ತು. ಆಮೇಲೆ ನಾವು ಹೊಸಿಲು ಎತ್ತರಿಸಿದೆವು, ನೀರು ಹಿಂದಕ್ಕೆ ಬಾರದ ಹಾಗೆ ಬಾತ್‌ರೂಮಿನ ಪೈಪಿಗೆ ವಾಲ್ವ್ ಹಾಕಿಸಿದೆವು. ಮೊನ್ನೆಯ ಜೋರು ಮಳೆಗೆ ಒಂದು ಹನಿಯೂ ಒಳಗೆ ಬರಲಿಲ್ಲ. ಆದರೆ ಆ ಜನರ ನಡುವೆ ನಿಂತು ಅವಳು ಆಡಿದ ಮಾತು, ಮುಳುಗಿದ ಕಾರಿನ ಎದುರು ನಕ್ಕ ನಗು? ಅದನ್ನು ಯಾವ ಪ್ಲಂಬರ್ ಹಾಕಿಕೊಡುತ್ತಾನೆ? ಅವಳ ಜಾಗದಲ್ಲಿ ನಾನಿದ್ದಿದ್ದರೆ ಪಂಪು ನಿಲ್ಲಿಸುತ್ತಿದ್ದೆನೇ? ಈ ಪ್ರಶ್ನೆಯನ್ನು ಇವರು ಕೇಳಿಲ್ಲ. ಕೇಳದಿರಲಿ.

ನಮ್ಮ ಗಲ್ಲಿಯವರಂತೂ ಅವಳನ್ನು ಕರೆದು ಶಾಲು ಹೊದಿಸಿದರು. ಅಂಗಳ ನಮ್ಮದು, ಚಹಾ ನನ್ನದು, ಚಪ್ಪಾಳೆ ಅವಳಿಗೆ. ನಾನೂ ತಟ್ಟಿದೆ. (ಸ್ವಲ್ಪ ಮೆಲ್ಲಗೆ.)

ಮೊನ್ನೆ ಕೊರಿಯರಿನವನು ಬಂದು ಗಲ್ಲಿಯ ತುದಿಯಲ್ಲಿ ನನ್ನ ಹೆಸರು ಹೇಳಿ ವಿಚಾರಿಸುತ್ತಿದ್ದ. ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ತರಕಾರಿ ಭಯ್ಯಾ ಕೈ ಮಾಡಿ ತೋರಿಸಿದ: "ಅಚ್ಛಾ, ವಿನುತಾಜೀ ಕೀ ಭಾಭೀ? ವೋ ರಹಾ ಘರ್."

ಮನೆ ಕಟ್ಟಿಸಿದವಳು ನಾನು, ಸ್ವಾಮಿ. ವಿಳಾಸ ಮಾತ್ರ ಅವಳದು!